ಶನಿವಾರದವರು

ಶುಭ ಶುಕ್ರವಾರದ ಆರಾಧನೆಯಲ್ಲಿ ತ್ಯಾಗದ ಬಗ್ಗೆ ಹತ್ತು ನಿಮಿಷ ಮಾತಾಡುವುದು ಗಂಗಾನಗರದ ನಮ್ಮ ಸಭೆಯಲ್ಲಿ ಬಹಳ ವರ್ಷಗಳಿಂದ ನನ್ನ ಪಾಲಿನ ಕೆಲಸ. ನಾನು ನಿವೃತ್ತ ಮೇಷ್ಟ್ರು. ಮೈಕ್ ಕೆಟ್ಟರೂ ನಡೆಯುತ್ತದೆ. ಯೇಸುವಿನ ಪ್ರಾಣವನ್ನು ಯಾರೂ ಕಸಿದುಕೊಳ್ಳಲಿಲ್ಲ, ಆತನೇ ಮನಸಾರೆ ಕೊಟ್ಟ ಎನ್ನುವಾಗ ನನ್ನ ದನಿ ನಡುಗುತ್ತದೆ. ನಾಟಕವೇನಲ್ಲ. ಆದರೆ ಎಲ್ಲಿ ನಡುಗಬೇಕೆಂಬುದು ಅದಕ್ಕೆ ಅಭ್ಯಾಸವಾಗಿಬಿಟ್ಟಿದೆ.

ಕಳೆದ ವರ್ಷ ನನ್ನ ಹೆಂಡತಿ ಪ್ರೇಮಾ ತನ್ನ ತಮ್ಮ ಜಯರಾಜನಿಗೆ ಕಿಡ್ನಿ ಕೊಡುತ್ತೇನೆ ಎಂದಳು. ಅವನದು ಪುಟ್ಟೇನಹಳ್ಳಿಯಲ್ಲಿ ಟೈಲರ್ ಅಂಗಡಿ. ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದ ದಿನ ಮೆಷಿನ್ ತುಳಿಯಲಾಗದ ಸುಸ್ತು. ಪರೀಕ್ಷೆಗಳಲ್ಲಿ ಅವಳ ಕಿಡ್ನಿ ಹೊಂದಿತು. ಹೊಂದದಿರಲಿ ಎಂದು ನಾನು ಒಳಗೊಳಗೇ ಪ್ರಾರ್ಥಿಸಿದ್ದೆ. ಅಂಥ ಪ್ರಾರ್ಥನೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಮಾಡುವವರನ್ನು ನಾನಂತೂ ಕಂಡಿಲ್ಲ.

"ಐವತ್ತಾರು ವರ್ಷ ಆಯ್ತು ಕಣೇ ನಿಂಗೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದೆ.

ಅವಳು ಸೊಪ್ಪು ಬಿಡಿಸುತ್ತಿದ್ದಳು. "ಆಗ್ಬಹುದು. ಡಾಕ್ಟ್ರು ಎಲ್ಲಾ ಹೇಳಿದಾರೆ."

"ದುಡುಕ್ಬೇಡ. ದೇವರು ಬೇರೆ ಏನಾದ್ರೂ ದಾರಿ ತೋರಿಸ್ತಾನೆ."

"ತೋರಿಸಿದಾನಲ್ರೀ. ನನ್ನತ್ರ ಎರಡಿದೆ."

ಆಸ್ಪತ್ರೆಯವರು ಗಂಡನ ಸಹಿಗೆಂದು ಒಂದು ಕಾಗದ ಕೊಟ್ಟಿದ್ದರು. ನಾಲ್ಕು ದಿನ ಅದು ನನ್ನ ಜೇಬಿನಲ್ಲೇ ಇತ್ತು. ಐದನೆಯ ದಿನ ಜಯರಾಜನೇ ಫೋನ್ ಮಾಡಿದ. "ಭಾವ, ನಿಮಗೆ ಮನಸಿಲ್ಲ ಅಂದ್ರೆ ಬೇಡ. ಅಕ್ಕಂಗೆ ನಾನೇ ಹೇಳ್ತೀನಿ, ನೀವ್ ಕೆಟ್ಟವರಾಗ್ಬೇಡಿ." ಕಾಯಿಲೆಯವನ ಬಾಯಲ್ಲಿ ಆ ಮಾತು ಕೇಳಿದ ಮೇಲೆ ಸಹಿ ಹಾಕಿದೆ. ನಂಬಿಕೆಯಿಂದ ಹಾಕಿದೆ ಎಂದು ಹೇಳಲಾರೆ. ನಾಚಿಕೆಯಿಂದ ಹಾಕಿದೆ.

ಆಪರೇಷನ್ ದಿನ ಬೆಳಗ್ಗೆ ಹೆಬ್ಬಾಳದ ಆಸ್ಪತ್ರೆಯಲ್ಲಿ ಅಕ್ಕ ತಮ್ಮ ಇಬ್ಬರನ್ನೂ ಒಳಗೆ ಕರೆದೊಯ್ದರು. ಹೊರಗೆ ನನ್ನ ಜತೆ ಕೂತಿದ್ದವರು ಜಯರಾಜನ ಮನೆ ಓನರ್ ನಂಜಮ್ಮ. ಪುಟ್ಟೇನಹಳ್ಳಿಯ ಹಳೇ ಒಕ್ಕಲು, ಈಗ ನಾಲ್ಕು ಬಿಲ್ಡಿಂಗಿನ ಒಡತಿ. ಮಾರಮ್ಮನ ಕುಂಕುಮ ಹಿಡಿದುಕೊಂಡು ಬಂದಿದ್ದರು. ಅದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು:

"ಅಲ್ಲ ಮೇಷ್ಟ್ರೇ, ನಿಮ್ ದ್ಯಾವ್ರು ಶುಕ್ರವಾರ ಸತ್ತು ಭಾನುವಾರ ಎದ್ದ ಅಂತೀರಲ್ಲ. ಶನಿವಾರ ಅವರವ್ವ ಏನ್ ಮಾಡ್ತಿದ್ಲು?"

ಶುಕ್ರವಾರದ ಬಗ್ಗೆ ಹತ್ತು ನಿಮಿಷವೇಕೆ, ಒಂದು ಗಂಟೆ ಮಾತಾಡಬಲ್ಲೆ. ಭಾನುವಾರಕ್ಕೆ ಹಾಡುಗಳೇ ಬೇಕಾದಷ್ಟಿವೆ. ನಡುವಿನ ದಿನ ನಮ್ಮಲ್ಲಿ ಚರ್ಚು ಗುಡಿಸಿ, ಹೂವು ಕಟ್ಟಿ, ಮಟನ್‌ಗೆ ಹೇಳಿಬರುವುದರಲ್ಲಿ ಕಳೆದುಹೋಗುತ್ತದೆ. ಪ್ರಾಣ ಕೊಟ್ಟವನಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿದಿತ್ತು. ಅವನನ್ನು ಕೊಟ್ಟು ಕೂತವಳಿಗೆ ಏನು ತಿಳಿದಿತ್ತು? ನಾಳೆ ಭಾನುವಾರ ಎಂದು ಅವಳಿಗೆ ಯಾರೂ ಹೇಳಿರಲಿಲ್ಲವೇನೋ.

"ಹಿಂಗೇ ಕೂತಿದ್ಲೇನೋ," ಎಂದೆ.

"ಊಂ, ಇಂಗೇ ಇರ್ಬೇಕು," ಎಂದು ನಂಜಮ್ಮ ನನ್ನ ಕೈಗೆ ನೀರಿನ ಬಾಟಲಿ ಕೊಟ್ಟರು.

ಬೆಳಗಿನಿಂದ ನಾನು ದೇವರಿಗೆ ಷರತ್ತುಗಳನ್ನು ಹಾಕುತ್ತಿದ್ದೆ. ಆಮೇಲೆ ಹಾಕಲಿಲ್ಲ. ಧೈರ್ಯ ಬಂದಿತ್ತು ಅಂತಲ್ಲ. ನನ್ನಿಂದ ಆಗುವುದು ಇನ್ನೇನೂ ಉಳಿದಿರಲಿಲ್ಲ. ಪ್ರೇಮಾ ನಿನ್ನವಳೇ, ನೋಡಿಕೋ ಎಂದೆ. ದೇವರನ್ನು ನಂಬುವುದೆಂದರೆ ಇಷ್ಟು ಬರಿಗೈಯ ಕೆಲಸ ಎಂದು ಅಷ್ಟು ವರ್ಷ ಪಾಠ ಹೇಳಿದವನಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಹಸಿರು ಗೌನಿನ ನರ್ಸಮ್ಮ ಬಾಗಿಲು ತೆಗೆದು, "ಪ್ರೇಮಾ ಅವರು ಚೆನ್ನಾಗಿದಾರೆ. ಹೊಸ ಕಿಡ್ನಿ ಕೆಲಸ ಶುರು ಮಾಡಿದೆ, ಜಯರಾಜ್‌ಗೆ ಯೂರಿನ್ ಬಂತು," ಎಂದರು. ಯೇಸು ಎದ್ದಿದ್ದಾನೆ ಎಂದು ಸಮಾಧಿಯ ಬಾಗಿಲಲ್ಲಿ ದೇವದೂತ ಹೇಳಿದ ಸುದ್ದಿ ಇದಕ್ಕಿಂತ ಅಂದವಾಗಿತ್ತು, ನಿಜ. ಆದರೆ ನಾನು ಅತ್ತದ್ದು ಇದಕ್ಕೆ. ನಂಜಮ್ಮ ನನ್ನ ಹಣೆಗೆ ಕುಂಕುಮ ಇಟ್ಟೇಬಿಟ್ಟರು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

ಮೂರನೆಯ ದಿನ ಪ್ರೇಮಾ ಪಕ್ಕೆ ಹಿಡಿದುಕೊಂಡು, ನನ್ನ ತೋಳಿಗೆ ಆತು, ತಮ್ಮನ ಕೋಣೆಯತ್ತ ಹೊರಟಳು. ಮಾಸ್ಕ್ ಹಾಕಿಸಿ ಬಾಗಿಲವರೆಗೆ ಬಿಟ್ಟರು. ಜಯರಾಜ ಮಲಗಿದ್ದಲ್ಲಿಂದಲೇ ಗಾಬರಿಯಾದ.

"ಅಕ್ಕಾ, ನೀನ್ಯಾಕೆ ಎದ್ದ್ ಬಂದೆ?"

"ಮತ್ತೆ?" ಎಂದಳು ಪ್ರೇಮಾ. "ಎದ್ದೇಳ್ತೀನಿ ಅಂತ ತಾನೇ ಮಲ್ಗಿದ್ದು."