ಮೌನಪ್ಪ ಕಾಕಾನ ಸಕ್ಕರೆ ಆನೆ

ಮೌನಪ್ಪ ಕಾಕಾ ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ, ಹೆಬ್ಬೆರಳಿನಿಂದ ನೋಡುತ್ತಿದ್ದರು. ಬಾಗಿಲ ಚೌಕಟ್ಟು, ಬಸ್ಸಿನ ಸೀಟು, ನಮ್ಮವ್ವ ತಟ್ಟಿದ ರೊಟ್ಟಿ, ಎಲ್ಲದರ ಮೇಲೂ ಆ ಬೆರಳು ಒಮ್ಮೆ ಹರಿದಾಡಬೇಕು. ಎಳೆವಯಸ್ಸಿನಲ್ಲಿ ಉಳಿ ತಾಗಿ ಅದರ ಮೇಲೊಂದು ಓರೆಗೆರೆ ಬಿದ್ದಿತ್ತು. ರೊಟ್ಟಿ ಸರಿ ಬಂದಿದ್ದರೆ, "ಕಾಸ್ಟಿಂಗ್ ಛಲೋ ಬಂದೈತಿ ವೈನಿ" ಎನ್ನುತ್ತಿದ್ದರು. ಅವರ ಬಾಯಿಂದ ಬರುವ ದೊಡ್ಡ ಹೊಗಳಿಕೆ ಅದೇ.

ಹೈದರಾಬಾದಿನ ಸರಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಅಪ್ಪ ಅಲ್ಲಿ ಗುಮಾಸ್ತ, ಕಾಕಾ ಪ್ಯಾಟರ್ನ್ ಮಾಡುವವರು. ಕಬ್ಬಿಣದಲ್ಲಿ ಎರಕವಾಗಬೇಕಾದ ಭಾಗವನ್ನು ಅವರು ಮೊದಲು ಕಟ್ಟಿಗೆಯಲ್ಲಿ ಕೆತ್ತಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಒಂದು ಟೊಳ್ಳು ಉಳಿಯುತ್ತದೆ, ಆ ಟೊಳ್ಳಿಗೆ ಕಾದ ಲೋಹ ಹೊಯ್ಯುತ್ತಾರೆ. ಕಟ್ಟಿಗೆಯ ಮೇಲೆ ಬೆರಳಿನ ಗುರುತೊಂದು ಉಳಿದರೂ ಅದು ಕಬ್ಬಿಣದಲ್ಲಿ ಮೂಡುತ್ತದೆಂದು ಕಾಕಾ ಉಸುಕಿನ ಕಾಗದ ಹಿಡಿದು ಗಂಟೆಗಟ್ಟಲೆ ತಿಕ್ಕುತ್ತಿದ್ದರಂತೆ. "ನಮ್ಮ ಕೆಲಸ ಅಂದ್ರ ಖಾಲಿ ಜಾಗಾ ಮಾಡೂದವಾ. ಖಾಲಿ ಜಾಗಾಕ್ಕ ಯಾರು ಸನ್ಮಾನ ಮಾಡ್ತಾರ?" ಎಂದು ನಗುತ್ತಿದ್ದರು. ಯಾದಗಿರಿ ಕಡೆಯ ಬಡಿಗರ ಮನೆತನ. ಏಳನೇ ಇಯತ್ತೆಗೆ ಶಾಲೆ ಬಿಟ್ಟವರು.

ನಾನಾಗ ಕನ್ನಡ ಶಾಲೆಯಲ್ಲಿ ಒಂಬತ್ತನೇ ತರಗತಿ. ಇತಿಹಾಸದ ಜೋಶಿ ಸರ್ ಪಾಂಪೆಯ ಪಾಠ ಮಾಡಿದರು. ರೋಮನ್ನರ ಆ ಊರಿನ ಮೇಲೆ ವೆಸೂವಿಯಸ್ ಬೆಂಕಿಬೆಟ್ಟ ಬೂದಿ ಸುರಿಯಿತು, ಜನ ಇದ್ದಲ್ಲಿಯೇ ಶಿಲೆಯಾದರು ಎಂದು ನೋಟ್ಸು ಬರೆಸಿದರು. ನಾನು ಲೈಬ್ರರಿಯಿಂದ ತಂದ ದೊಡ್ಡ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ಕುಳಿತ ಒಬ್ಬನ ಚಿತ್ರವಿತ್ತು. ರವಿವಾರ ಸಂಜೆ ಕಾಕಾ ಎಂದಿನಂತೆ ಚಿತ್ರದ ಮೇಲೂ ಬೆರಳಾಡಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದು ಕಲ್ಲಲ್ಲವಾ, ಎರಕ. ಇಲ್ನೋಡು, ಗಾಳಿಗುಳ್ಳಿ ತೂತು ಕಾಣಾಕತ್ತಾವ. ಮನಿಶ್ಯಾ ಕೊಳತು ಹೋಗ್ಯಾನ, ಬೂದ್ಯಾಗ ಅವನ ಜಾಗಾ ಉಳದೈತಿ. ಆಮ್ಯಾಲ ಯಾವನೋ ನಮ್ಮಂಥಾ ಕೆಲಸದವ ಅದರಾಗ ಪ್ಲಾಸ್ಟರ್ ಹೊಯ್ದಾನ."

ನನ್ನ ಬಾಯಿ ಮೊದಲೇ ಚುರುಕು. ಮರುದಿನ, ಸೋಮವಾರ, ತರಗತಿಯಲ್ಲಿ ಎದ್ದು ನಿಂತು ಇದನ್ನೇ ಒದರಿಬಿಟ್ಟೆ. ಯಾರು ಹೇಳಿದರೆಂದು ಸರ್ ಕೇಳಿದರು, ಹೇಳಿದೆ. ಬಡಿಗೇರರು ಇತಿಹಾಸ ಹೇಳುವ ಕಾಲ ಬಂತೇ ಎಂದರು, ತರಗತಿ ನಕ್ಕಿತು. ಶನಿವಾರದೊಳಗೆ ಪುರಾವೆ ತರಬೇಕು, ಇಲ್ಲವಾದರೆ ಎಲ್ಲರೆದುರು ನನ್ನದು ತಪ್ಪೆಂದು ಒಪ್ಪಬೇಕು ಎಂದು ತೀರ್ಪಾಯಿತು. ಅಳುತ್ತ ಬಂದು ಕಾಕಾನ ಮುಂದೆ ನಿಂತೆ. ನಕ್ಕರೆಂಬುದನ್ನು ಮುಚ್ಚಿಡಬೇಕೆಂದಿದ್ದೆ, ಆಗಲಿಲ್ಲ. ಅವರ ಮುಖ ಸಣ್ಣದಾಯಿತು. "ಮಾತಿಲೆ ಬ್ಯಾಡ. ಕೈಲೆ ತೋರಸೋಣು" ಎಂದರು.

ಗೌರಿ ಹುಣ್ಣಿಮೆ ಆಗಷ್ಟೇ ಮುಗಿದಿತ್ತು. ನಮ್ಮ ಕಡೆ ಆ ಹಬ್ಬಕ್ಕೆ ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ಆನೆ, ನವಿಲು, ಗೋಪುರ ಮಾಡಿ ಆರತಿ ಬೆಳಗುತ್ತಾರೆ. ಕಾಕಾನ ಮನೆಯ ಅಚ್ಚುಗಳು ಅವರ ಮುತ್ತ್ಯಾ, ಅಂದರೆ ಅಜ್ಜ, ಕೆತ್ತಿದವು. ಹಬ್ಬದ ಎರಡು ಆನೆ ಡಬ್ಬಿಯಲ್ಲಿ ಉಳಿದಿದ್ದವು. ಒಂದನ್ನು ಬೂದಿ, ಸಿಮೆಂಟು ಕಲಸಿದ ರಾಡಿಯಲ್ಲಿ ಹುಗಿದರು. ಬುಧವಾರ ನೋಡಿದರೆ ರಾಡಿ ರಾಡಿಯಾಗಿಯೇ ಇತ್ತು. ಸಕ್ಕರೆ ತಾಗಿದರೆ ಸಿಮೆಂಟು ಬಿಗಿಯುವುದಿಲ್ಲ. ಗೊತ್ತಿದ್ದೂ ಮರೆತೆನೆಂದು ಕಾಕಾ ಹಣೆ ಬಡಿದುಕೊಂಡರು. ಉಳಿದದ್ದು ಒಂದೇ ಆನೆ. ಅದರ ಮೈತುಂಬ ಮೇಣ ಸವರಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಚ್ಚಿ, ಪಾದಗಳ ಕೆಳಗೆ ಮಾತ್ರ ನೀರು ಹೋಗಲು ದಾರಿ ಬಿಟ್ಟು ಮತ್ತೆ ಹುಗಿದರು. ಇದೂ ಕೆಟ್ಟರೆ ಮೂರನೆಯದಿಲ್ಲ, ಹೊಸದು ಎರೆದು ಹುಗಿಯಲು ದಿನವೂ ಉಳಿದಿಲ್ಲವೆಂದು ನಾನು ಗಳಿಗೆಗೊಮ್ಮೆ ಹೋಗಿ ಆ ರಾಡಿ ಮುಟ್ಟಿ ನೋಡುತ್ತಿದ್ದೆ.

ಶನಿವಾರ ಕಾಕಾ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಟ್ಟಿಯಾದ ಆ ಗಡ್ಡೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಹದಿಪಟ್ಟಣಂ ಬಸ್ಸಿನಲ್ಲಿ ನನ್ನ ಜೊತೆ ಬಂದರು. ಕಂಡಕ್ಟರ್ ಏನದು ಎಂದು ತೆಲುಗಿನಲ್ಲಿ ಕೇಳಿದ್ದಕ್ಕೆ ಏನುಗು, ಆನೆ, ಎಂದರು. ಅವನು ಇವರನ್ನೊಮ್ಮೆ, ಗಡ್ಡೆಯನ್ನೊಮ್ಮೆ ನೋಡಿ ಮುಂದೆ ಹೋದ.

ಶಾಲೆಯ ಆಯಾ ಕುದಿನೀರು ತಂದುಕೊಟ್ಟಳು. ಕಾಕಾ ಗಡ್ಡೆ ಬೋರಲು ಹಾಕಿ ಪಾದದ ತೂತಿನಲ್ಲಿ ನೀರು ಹೊಯ್ದು, ಅಲುಗಾಡಿಸಿ, ಬಗ್ಗಿಸಿದರು. ಮೇಣ, ಸಕ್ಕರೆ ಕರಗಿ ಪಾನಕವಾಗಿ ಬಕೆಟ್ಟಿಗೆ ಇಳಿಯಿತು. ಹಿಂದಿನ ಬೆಂಚಿನವರು ಲೋಟ ಬೇಕೇ ಎಂದರು. ನೀರು ತಿಳಿಯಾಗುವ ತನಕ ತೊಳೆದು, ಪ್ಲಾಸ್ಟರ್ ಕಲಸಿ ಹೊಯ್ದರು. ಅದು ಬಿಗಿಯುವವರೆಗೆ ಜೋಶಿ ಸರ್ ಕಿಟಕಿಯತ್ತ ಮುಖ ಮಾಡಿ ನಿಂತಿದ್ದರು. ಆಮೇಲೆ ಕಾಕಾ ಸಣ್ಣ ಉಳಿಯಿಂದ ಬೂದಿಯ ಗಡ್ಡೆಯನ್ನು ಒಡೆಯತೊಡಗಿದರು. ಮೊದಲು ಸೊಂಡಿಲು ಬಂತು. ಆಮೇಲೆ ಕಿವಿ, ಕೊರಳ ಗಂಟೆ. ಕೊನೆಗೆ ಬಿಳಿ ಆನೆ ಪೂರ್ತಿ ಮೇಜಿನ ಮೇಲೆ ನಿಂತಿತು.

ಸರ್ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಬೆನ್ನಿನ ಮೇಲೆ ಹೆಬ್ಬೆರಳಿನ ತಗ್ಗಿತ್ತು, ಓರೆಗೆರೆಯ ಸಮೇತ. ಇದನ್ನು ತಿಕ್ಕಿ ಸರಿ ಮಾಡಬಹುದಲ್ಲ ಎಂದರು. ಇರಲಿ ಬಿಡ್ರಿ ಎಂದರು ಕಾಕಾ. ನನಗೆ ಆಶ್ಚರ್ಯವಾಯಿತು, ಗುರುತು ಬಿಡುವ ಮನುಷ್ಯರಲ್ಲ ಅವರು.

ಜೋಶಿ ಸರ್ ತಮ್ಮ ಕುರ್ಚಿಯನ್ನು ಎಳೆದು ಕಾಕಾನ ಹತ್ತಿರ ಇಟ್ಟರು. "ನಾ ಬರ್ಸಿದ್ದು ತಪ್ಪೈತಿ. ಎಲ್ಲಾರೂ ಆ ಸಾಲು ಹೊಡದು ಹಾಕ್ರಿ. ಮೌನಪ್ಪನವರ, ನೀವು ಕೂತು ಹೇಳ್ರಿ, ಹುಡುಗ್ರು ಬರ್ಕೋತಾರ." ಕಾಕಾ ಕುರ್ಚಿಯ ತೋಳಿನ ಮೇಲೆ ಬೆರಳಾಡಿಸಿ ಕುಳಿತರು. ಅವರು ಹೇಳಿದರು, ನಾವು ಬರೆದುಕೊಂಡೆವು. ನನಗೆ ಇವತ್ತಿಗೂ ಅಷ್ಟು ಹೆಮ್ಮೆಯಾದ ದಿನ ಇನ್ನೊಂದಿಲ್ಲ.

ಆನೆಯನ್ನು ನನಗೇ ಕೊಟ್ಟರು. ವರ್ಷಗಳು ಕಳೆದ ಮೇಲೆ, ಅವರು ಉಪ್ಪಲ್‌ನಲ್ಲಿ ಮಗಳ ಮನೆಯಲ್ಲಿದ್ದಾಗ, ಅದನ್ನು ತೆಗೆದುಕೊಂಡು ನೋಡಲು ಹೋದೆ. ಕಣ್ಣುಗಳು ಮಂಜಾಗಿದ್ದವು. ಬೆರಳು ಮಾತ್ರ ಆನೆಯ ಬೆನ್ನ ಮೇಲೆ ಹುಡುಕಿ ತನ್ನ ಜಾಗಕ್ಕೆ ಹೋಗಿ ಕೂತಿತು. ಅಷ್ಟು ಕಾಲದಿಂದ ಉಳಿದಿದ್ದ ಪ್ರಶ್ನೆ ಕೇಳಿದೆ, ಬೇಕೆಂದೇ ಬಿಟ್ಟಿರಾ ಎಂದು.

"ಕಾರ್ಖಾನ್ಯಾಗ ಜಲ್ಮದಾಗ ಒಂದ್ ಗುರ್ತು ಬಿಡಲಿಲ್ಲವಾ. ಅದು ಸಾಲಿ ಅಲ್ಲೇನು? ಸಾಲ್ಯಾಗ ಮಾಡಿದ್ದಕ್ಕ ಹೆಸರು ಬರೀಬೇಕು."

ಅದೇ ಕೊನೆಯ ಭೇಟಿ. ಮುಂದಿನ ಗೌರಿ ಹುಣ್ಣಿಮೆಗೆ ಅವರಿರಲಿಲ್ಲ. ಈಗ ನಾನೂ ಇತಿಹಾಸ ಕಲಿಸುತ್ತೇನೆ. ಪಾಂಪೆಯ ಪಾಠ ಬಂದಾಗ ಆನೆಯನ್ನು ತರಗತಿಗೆ ಒಯ್ಯುತ್ತೇನೆ. ಅದು ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಆ ತಗ್ಗಿನಲ್ಲಿ ತಮ್ಮ ಬೆರಳಿಟ್ಟು ನೋಡುತ್ತಾರೆ, ಯಾರದಿದು ಎಂದು ಕೇಳುತ್ತಾರೆ. ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ: ಮೌನಪ್ಪ ಬಡಿಗೇರ. ಮಕ್ಕಳು ಬರೆದುಕೊಳ್ಳುತ್ತಾರೆ.