ಅರಿಷಿಣ ಹತ್ತಿದ ನಾಟಕ

ನಮ್ಮ ದೊಡ್ಡಪ್ಪ ರಾಮಲಿಂಗಪ್ಪನವರಿಗೆ ಎಲೆ-ಅಡಿಕೆಯ ಚಟವಿರಲಿಲ್ಲ, ಇಸ್ಪೀಟಿನದೂ ಇರಲಿಲ್ಲ. ಇದ್ದದ್ದು ಇಂಗ್ಲಿಷ್ ನಾಟಕದ ಚಟ, ಅದೂ ಮುನ್ನೂರು ವರ್ಷ ಹಿಂದೆ ಬರೆದ ನಾಟಕಗಳದ್ದು. ಜಮಖಂಡಿಯಿಂದ ಬಂದು ಪುಣೆಯ ರೈಲ್ವೆ ಮಾಲು ಕಚೇರಿಯಲ್ಲಿ ಕಾರಕೂನರಾದ ಮನುಷ್ಯ, ಓದಿದ್ದು ಮ್ಯಾಟ್ರಿಕ್. ಕಸಬಾ ಪೇಠೆಯ ವಾಡೆಯಲ್ಲಿ ಎರಡು ಖೋಲಿ. ಒಂದರಲ್ಲಿ ಪುಸ್ತಕಗಳು ಆರಾಮಾಗಿದ್ದವು. ಇನ್ನೊಂದರಲ್ಲಿ ಗಂಡ, ಹೆಂಡತಿ, ಒಲೆ, ಜೋಳದ ಚೀಲ ಎಲ್ಲ ಇಕ್ಕಟ್ಟಿನಲ್ಲಿ.

ಬೇರೆ ಬೇರೆ ನಾಟಕಗಳಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇವರು ಒಬ್ಬ ರಾಜನ ಕಥೆಯಿರುವ ಒಂದೇ ನಾಟಕದ ಒಂಬತ್ತು ಮುದ್ರಣ ಇಟ್ಟುಕೊಂಡಿದ್ದರು. ವರ್ಗವಾಗಿ ಹೋಗುವ ಸಾಹೇಬರ ಸಾಮಾನು ದಂಡಿನ ಕ್ಯಾಂಪಿನಲ್ಲಿ ಲಿಲಾವಿಗೆ, ಅಂದರೆ ಹರಾಜಿಗೆ, ಬಂತೆಂದರೆ, ಉಳಿದವರು ಕುರ್ಚಿ, ಪಿಂಗಾಣಿ ಹೊತ್ತು ಬರುತ್ತಿದ್ದರು. ಇವರು ಹುಳ ತಿಂದ ಪುಸ್ತಕ ಹಿಡಿದು ಬರುತ್ತಿದ್ದರು. ಒಂದರಲ್ಲಿ ಎರಡು ಸಾಲು ನಾಟಕವಿದ್ದರೆ ಇಪ್ಪತ್ತು ಸಾಲು ಟಿಪ್ಪಣಿ. ಇನ್ನೊಂದು, ಶಾಲೆಯ ಹುಡುಗರಿಗಾಗಿ ಪೋಲಿ ಮಾತುಗಳನ್ನೆಲ್ಲ ತೆಗೆದುಹಾಕಿದ್ದು. ತೆಗೆದದ್ದನ್ನು ದೊಡ್ಡಪ್ಪ ಪೆನ್ಸಿಲಿನಲ್ಲಿ ಅಂಚಿಗೆ ತಿರುಗಿ ಬರೆದಿದ್ದರು, ಪೋಲಿತನಕ್ಕೂ ಅನ್ಯಾಯವಾಗಬಾರದಲ್ಲ!

"ಒಂಬತ್ತರಾಗೂ ರಾಜಾ ಸಾಯೂದು ಸಾಯ್ತಾನಲ್ರಿ?" ಎಂದು ದೊಡ್ಡವ್ವ ರುದ್ರವ್ವ ಕೇಳಿದರೆ, "ಸಾಯ್ತಾನ. ಆದ್ರ ಒಂದೊಂದ್ರಾಗ ಒಂದೊಂದು ಮಾತಾಡಿ ಸಾಯ್ತಾನ" ಎನ್ನುತ್ತಿದ್ದರು.

ಈ ಹುಚ್ಚನ್ನು ಹುಚ್ಚೆಂದು ಎಣಿಸದವರು ಪುಣೆಯಲ್ಲಿ ಒಬ್ಬರೇ: ಧಾರವಾಡದ ಕಡೆಯ ನಿವೃತ್ತ ಪ್ರೊಫೆಸರ್ ಬಿಂದುಮಾಧವರಾಯರು. ರವಿವಾರ ಸಂಜೆ ಅವರ ಮನೆಯಲ್ಲಿ ಕೂತು ನಾಟಕದ ಮಾತಾಡುವ ಎರಡು ತಾಸಿಗಾಗಿ ದೊಡ್ಡಪ್ಪ ವಾರವಿಡೀ ಮೂಟೆಗಳ ನಂಬರು ಬರೆಯುತ್ತಿದ್ದರು. ಆದರೆ ಪುಸ್ತಕದ ವಿಷಯ ಬಂದರೆ ರಾಯರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಹಾಳೆಯ ಮೂಲೆ ಮಡಚಿದನೆಂದು ಸ್ವಂತ ಷಡ್ಡಕನನ್ನು ಹನ್ನೆರಡು ವರ್ಷ ಮನೆಗೆ ಸೇರಿಸಿರಲಿಲ್ಲ. ಅಂಥವರು ೧೯೨೮ರಲ್ಲಿ, ದೊಡ್ಡಪ್ಪನ ಮೆಚ್ಚಿನ ಆ ನಾಟಕದ, ತಮ್ಮ ಬಳಿಯಿದ್ದ ನೂರೈವತ್ತು ವರ್ಷ ಹಳೆಯ ಲಂಡನ್ ಮುದ್ರಣವೊಂದನ್ನು ದೊಡ್ಡಪ್ಪ ತಾಳೆ ನೋಡಲೆಂದು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಕೊಟ್ಟರು.

"ದಸರಾ ದಿನ ಸಂಜೀಕ ವಾಪಸ್ ತರ್ರಿ. ಹೆಂಗ ಒಯ್ದೀರಿ ಹಂಗ" ಎಂದರು.

ದಸರೆಯ ಹಿಂದಿನ ದಿನ ಖಂಡೇನವಮಿ. ಮನೆಯಲ್ಲಿ ದುಡಿಯುವ ಸಾಮಾನನ್ನೆಲ್ಲ ಪೂಜೆಗಿಡುವ ದಿನ. ದೊಡ್ಡಪ್ಪ ಚೆಂಡುಹೂ ತರಲು ಮಂಡೈ ಮಾರುಕಟ್ಟೆಗೆ ಹೋದಾಗ ದೊಡ್ಡವ್ವ ಈಳಿಗೆ, ಒನಕೆ, ಗಂಡ ಬರೆಯುವ ಟಾಕು, ಮಸಿದೌತಿಗಳನ್ನು ಮಣೆಯ ಮೇಲೆ ಜೋಡಿಸಿದಳು. ಅವಳ ತಂದೆ ಹಳ್ಳಿಯ ಶಾಲೆಯ ಮಾಸ್ತರರು. ಪುಸ್ತಕ ತೆರೆದು ಮೊದಲ ಹಾಳೆಗೇ ಅರಿಷಿಣ-ಕುಂಕುಮ ಹಚ್ಚುವುದು ಅವಳ ತವರಿನ ಪದ್ಧತಿ. ಇಷ್ಟು ಪುಸ್ತಕಗಳಲ್ಲಿ ಯಾವುದನ್ನು ಇಡುವುದು? ರೇಷ್ಮೆ ಉಟ್ಟು ಕೂತದ್ದಕ್ಕಿಂತ ದೊಡ್ಡದು ಯಾವುದಿದ್ದೀತು?

ದೊಡ್ಡಪ್ಪ ಹೂ ಹಿಡಿದು ಬಂದಾಗ ಲಂಡನ್ನಿನ ಮೊದಲ ಹಾಳೆಯ ಮೇಲೆ ಐದು ಬೆರಳಿನ ಹಸಿ ಅರಿಷಿಣ, ನಡುವೆ ಕುಂಕುಮದ ಬೊಟ್ಟು.

"ಅಯ್ಯೋ, ನನ್ನ ಮನೀ ಮುಳುಗಿಸಿದ್ಯಲ್ಲೇ! ಅದು ರಾಯರದು!" ಎಂದು ಕೈ ಚಾಚಿದರು.

"ಮುಟ್ಟಬ್ಯಾಡ್ರಿ! ಪೂಜಾಕ ಇಟ್ಟದ್ದನ್ನ ನಾಳೆ ತನಕಾ ಎತ್ತಬಾರದು."

ಆಗಲೇ ಒರೆಸಿದ್ದರೆ ಅರ್ಧವಾದರೂ ಹೋಗುತ್ತಿತ್ತೇನೋ. ಇಂಗ್ಲಿಷ್ ಎಷ್ಟು ಓದಿದರೂ ಪೂಜೆಯ ಮಣೆಗೆ ಕೈ ಹಾಕುವ ಎದೆಗಾರಿಕೆ ದೊಡ್ಡಪ್ಪನಿಗಿರಲಿಲ್ಲ. ಹಗಲೆಲ್ಲ ಎದುರಿಗೆ ಕೂತು, ಅರಿಷಿಣ ಒಣಗಿ ಕಾಗದಕ್ಕೆ ಇಳಿಯುವುದನ್ನು ನೋಡಿದರು. ಹೋಳಿಗೆ ಮುಟ್ಟಲಿಲ್ಲ. ಇನ್ನು ತನ್ನ ರವಿವಾರಗಳು ಮುಗಿದವು ಎಂದು ನಲವತ್ತು ವರ್ಷದ ಗಂಡಸು ಕಣ್ಣೀರು ಹಾಕಿದರು. ಅದನ್ನು ನೋಡಿ ದೊಡ್ಡವ್ವನೂ ಅತ್ತಳು.

ಮರುದಿನ ಸಂಜೆ ಒಂದು ಕೈಯಲ್ಲಿ ಬನ್ನಿ ಎಲೆ, ಇನ್ನೊಂದರಲ್ಲಿ ಪುಸ್ತಕ ಹಿಡಿದು ಹೊರಟರು. ದಾರಿಯುದ್ದಕ್ಕೂ ಸುಳ್ಳು ಹೊಸೆದರು. ರಾಯರ ಮುಖ ಕಂಡ ಕೂಡಲೇ ಒಂದೂ ನೆನಪಾಗಲಿಲ್ಲ. "ರಾಯರ, ಭಾಳ ದೊಡ್ಡ ತಪ್ಪಾಗೇದ್ರಿ. ನಮ್ಮ ಮನಿಯಾಕಿ ಇದನ್ನ ಪೂಜಾಕ ಇಟ್ಟಿದ್ಲು" ಎಂದುಬಿಟ್ಟರು.

ರಾಯರು ಮೊದಲ ಹಾಳೆ ತೆರೆದರು. ಕನ್ನಡಕ ಏರಿಸಿ ನೋಡಿದರು. ಬೆರಳಾಡಿಸಿದರು, ಮೂಸಿದರು. ದೊಡ್ಡಪ್ಪ ತಮ್ಮ ಚಪ್ಪಲಿ ಎಲ್ಲಿವೆಯೆಂದು ಬಾಗಿಲ ಕಡೆ ಕಣ್ಣು ಹಾಯಿಸಿದರು.

"ರಾಮಲಿಂಗಪ್ಪನವರ, ನಾ ಕಾಲೇಜಿಗೆ ಹೋಗಿ ಬಂದ್ರ ನಮ್ಮವ್ವ ಬಾವೀಕಟ್ಟಿ ಮ್ಯಾಲ ನಿಲ್ಲಿಸಿ ತಣ್ಣೀರು ಸುರೂತಿದ್ಲು. ಇಂಗ್ಲಿಷ್ ಪುಸ್ತಕಾ ಮುಟ್ಟಿ ಮೈಲಿಗಿ ಆಗಿ ಬಂದೀ ಅಂತ. ಇದನ್ನ ಕೊಂಡು ತಂದಾಗ ಒಳಗ ಬಿಡಲಿಲ್ಲ, ದನದ ಕೊಟ್ಟಿಗ್ಯಾಗ ಇಟ್ಟು ಓದಿದೆ. ಖಂಡೇನವಮಿಗೆ ಮನ್ಯಾಗಿನ ಪುಸ್ತಕಕ್ಕೆಲ್ಲಾ ಅರಿಷಿಣ ಹಚ್ಚತಿದ್ಲು, ಇದೊಂದು ಬಿಟ್ಟು." ರಾಯರು ಹಾಳೆಯನ್ನು ದೊಡ್ಡಪ್ಪನ ಕಡೆ ತಿರುಗಿಸಿದರು. "ಐವತ್ತು ವರ್ಷ ಆತ್ರಿ. ಈಗ ಹತ್ತೇದ ನೋಡ್ರಿ."

ದೊಡ್ಡಪ್ಪನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕೂತುಬಿಟ್ಟರು. ಬನ್ನಿ ಕೊಟ್ಟು-ತಗೊಂಡು, ಬಂಗಾರದ ಹಾಗಿರೋಣ ಎಂದು ಹೇಳಿಕೊಂಡ ಮೇಲೆ, ಹಿಂದಿನ ದಿನದ ಹಸಿವೂ ಕೂಡಿ ರಾಯರ ಮನೆಯ ಅವಲಕ್ಕಿಯನ್ನು ನಾಚಿಕೆಯಿಲ್ಲದೆ ಮೂರು ಸಲ ಹಾಕಿಸಿಕೊಂಡರು.

ಹೊರಡುವಾಗ ರಾಯರು ಹೊಸ್ತಿಲ ತನಕ ಬಂದರು.

"ಬರೂ ರವಿವಾರ ನೀವೊಬ್ರ ಬರಬ್ಯಾಡ್ರಿ. ಮನಿಯಾಕೀನೂ ಕರಕೊಂಡು ಬರ್ರಿ. ಕಪಾಟಿನ್ಯಾಗ ಇನ್ನೂ ಇನ್ನೂರು ಅವ, ಒಂದಕ್ಕೂ ಯಾರೂ ಬೊಟ್ಟು ಇಟ್ಟಿಲ್ಲ."