ದೀಪದ ಸುತ್ತ ಕಂಡ ಬಣ್ಣ

ಬ್ಯಾಡಗಿಯಲ್ಲಿ ಕಣ್ಣು ಉರಿಯುತ್ತದೆ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಸುಗ್ಗಿಯಲ್ಲಿ ಮಾರುಕಟ್ಟೆಗೆ ಮೆಣಸಿನಕಾಯಿ ಬರತೊಡಗಿದರೆ ಊರಿಗೆ ಊರೇ ಸೀನುತ್ತದೆ. ನಮ್ಮ ಯಜಮಾನರದು ಯಾರ್ಡಿನ ಹತ್ತಿರ ಖಾಲಿ ಚೀಲದ ಅಂಗಡಿ. ಅವರ ಅಂಗಿಯ ಜೊತೆಗೇ ಘಾಟು ಮನೆಗೆ ಬರುತ್ತಿತ್ತು. ನನ್ನ ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚತೊಡಗಿದಾಗ ಆ ತಪ್ಪನ್ನೂ ಮೆಣಸಿನಕಾಯಿಯ ಮೇಲೆಯೇ ಹಾಕಿ ಕುಳಿತೆ. ಮಳೆಗಾಲ ಬಂದು ಯಾರ್ಡು ತಣ್ಣಗಾಯಿತು. ನನ್ನ ಕಣ್ಣು ತಣ್ಣಗಾಗಲಿಲ್ಲ.

ಹಾವೇರಿಯ ಕಣ್ಣಿನ ಡಾಕ್ಟರು ಕಣ್ಣೀರು ಅಳೆಯಲು ಕೆಳರೆಪ್ಪೆಯಲ್ಲಿ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಕೂರಿಸಿದರು. ತೆಗೆದು ನೋಡಿದರೆ ಅದು ತುದಿ ಬಿಟ್ಟರೆ ಒದ್ದೆಯೇ ಆಗಿರಲಿಲ್ಲ.

"ಅಳೂದು ಬಿಟ್ಟು ಎಷ್ಟು ದಿನ ಆತ್ರೀ?" ಎಂದು ನಕ್ಕರು.

"ಮನ್ಯಾಗ ಪುರಸೊತ್ತ ಸಿಗಂಗಿಲ್ರೀ," ಎಂದೆ.

ಎರಡು ಬಾಟಲಿ ಕೊಟ್ಟರು. ನೀರಿನಂಥದ್ದು ಯಾವಾಗಲೂ ಹಾಕುವುದು. ಹಾಲಿನಂಥದ್ದನ್ನು ಅಲ್ಲಾಡಿಸಿ ಸ್ವಲ್ಪ ದಿನ ಮಾತ್ರ ಹಾಕುವುದು, ಕೆಂಪು ಇಳಿದ ಮೇಲೆ ಬಂದು ತೋರಿಸುವುದು. "ರೆಪ್ಪಿ ಬಡಿಯೂದು ಮರೀಬ್ಯಾಡ್ರಿ" ಎಂದೂ ಹೇಳಿದರು. ನನಗೆ ಅದೇ ಕಷ್ಟವಾದದ್ದು. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುವುದನ್ನು ನಾನು ಚಿಕ್ಕಂದಿನಿಂದ ರೂಢಿ ಮಾಡಿಕೊಂಡವಳು.

ಔಷಧಿ ಹತ್ತಿತೋ ಇಲ್ಲವೋ ಎಂಬುದನ್ನೂ ಆ ಪೂಜೆಯಲ್ಲೇ ನೋಡಿಕೊಳ್ಳುತ್ತಿದ್ದೆ. ಲಿಂಗದ ಕಪ್ಪು ನುಣುಪಿನ ಮೇಲೆ ಪಕ್ಕದ ದೀಪ ಒಂದು ಚುಕ್ಕಿಯಾಗಿ ಹೊಳೆಯುತ್ತದೆ. ಕಣ್ಣು ಒಣಗಿದ ದಿನ ಆ ಚುಕ್ಕಿ ಒಡೆದು ಹರಡುತ್ತಿತ್ತು. ರೆಪ್ಪೆ ಬಡಿದರೆ ಒಂದಾಗಿ, ಮತ್ತೆ ಒಡೆಯುತ್ತಿತ್ತು. ಹಾಲಿನಂಥ ಹನಿ ಹಾಕತೊಡಗಿದ ಮೇಲೆ ಚುಕ್ಕಿ ಗಟ್ಟಿಯಾಗಿ ನಿಂತಿತು. ಕೆಂಪು ಹೋಯಿತು, ಮರಳು ಹೋಯಿತು. ನಾನು ಶಿವನಿಗೆ ಕೈ ಮುಗಿದೆ. ಡಾಕ್ಟರಿಗೆ ತೋರಿಸಲು ಹೋಗಲಿಲ್ಲ. ಆರಾಮಾದವರು ಯಾರಾದರೂ ದವಾಖಾನೆಗೆ ಹೋಗುತ್ತಾರೆಯೇ? ಬಾಟಲಿ ತೀರಿದಾಗ ಯಜಮಾನರು ಔಷಧಿ ಅಂಗಡಿಯಲ್ಲಿ ಖಾಲಿ ಬಾಟಲಿ ತೋರಿಸಿ ಇನ್ನೊಂದು ತರುತ್ತಿದ್ದರು. ಹೀಗೆ ಒಂದು ಸುಗ್ಗಿ ಕಳೆದು ಇನ್ನೊಂದು ಬಂತು.

ಆ ಚಳಿಗಾಲದ ಒಂದು ಬೆಳಿಗ್ಗೆ ದೀಪದ ಸುತ್ತ ಒಂದು ಬಳೆ ಕಂಡಿತು. ಒಳಗೆ ನೀಲಿ, ಹೊರಗೆ ಕೆಂಪು, ನಡುವೆ ತೆಳ್ಳಗೆ ಹಸಿರು. ಶಿವನೇ ಬೆಳಕಾಗಿ ಬಂದನೆಂದುಕೊಂಡೆ. ಮರುದಿನವೂ ಕಂಡಿತು. ಇದನ್ನು ಒಳಗಿಟ್ಟುಕೊಳ್ಳಲಾರದೆ ಅತ್ತೆಗೆ ಹೇಳಿದೆ.

ಅತ್ತೆ ದೀಪವನ್ನು ನೋಡಿದರು, ನನ್ನನ್ನು ನೋಡಿದರು. "ನಾ ಇಷ್ಟು ವರ್ಷ ಪೂಜಿ ಮಾಡೀನಿ, ನನಗ ಒಂದ್ ಕಿಡಿನೂ ಕಾಣವಲ್ದು. ನಿನಗ ನೋಡವಾ, ಬಣ್ಣ ಹಚ್ಚಿ ಕಳಿಸ್ಯಾನ!" ಎಂದರು. ಹಂಗಿಸಿದ್ದಾದರೂ ಅಂದಿನಿಂದ ನನ್ನ ಪೂಜೆಯ ಹೊತ್ತಿಗೆ ಪಾತ್ರೆ ಸದ್ದು ಮಾಡುವುದನ್ನು ಬಿಟ್ಟರು. ತಲೆ ನೋಯುತ್ತಿದ್ದರೂ ನಾನು ಯಾರಿಗೂ ಹೇಳಲಿಲ್ಲ. ಇಷ್ಟು ದೊಡ್ಡದನ್ನು ಕೊಟ್ಟವನು ಅಷ್ಟು ಸಣ್ಣದನ್ನೂ ಕೊಟ್ಟಿರಬಹುದು ಎಂದುಕೊಂಡೆ.

ಮುಂದಿನ ತಿಂಗಳು ರಾಣೆಬೆನ್ನೂರಿನಲ್ಲಿ ಬೀಗರ ಮನೆಯ ಮದುವೆ. ಸಂಜೆ ಸ್ಟೇಷನ್ನಿನಲ್ಲಿ ಇಳಿದು ಹೊರಗೆ ಬಂದೆವು. ಎದುರಿಗೆ ಬಂದ ಆಟೋದ ದೀಪದ ಸುತ್ತಲೂ ಅದೇ ನೀಲಿ, ಅದೇ ಹಸಿರು, ಅದೇ ಕೆಂಪು. ಅದರ ಹಿಂದಿನ ಆಟೋಕ್ಕೂ ಇತ್ತು. ಬೀಡಾ ಅಂಗಡಿಯ ಬಲ್ಬಿಗೂ ಇತ್ತು. ನಾನು ಅಲ್ಲೇ ನಿಂತೆ.

"ಯಾಕ, ಏನಾತು?" ಎಂದರು ಯಜಮಾನರು.

"ರೀ, ಆಟೋದ ದೀಪಕ್ಕ ಬಣ್ಣ ಐತೇನ್ರಿ?"

"ಆಟೋಕ್ಕ ಎಂಥಾ ಬಣ್ಣಬೇ? ಬೆಳಕs ನೆಟ್ಟಗಿಲ್ಲ ಅದಕ್ಕ."

ಮದುವೆ ಮನೆಯಲ್ಲಿ ಅವರನ್ನು ಪಕ್ಕಕ್ಕೆ ಕರೆದು ಬಳೆಯ ಸಂಗತಿಯನ್ನೂ ತಲೆನೋವನ್ನೂ ಹೇಳಿದೆ. ಮರುದಿನ ಅದೇ ಊರಿನ ದೊಡ್ಡ ಕಣ್ಣಿನ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಚೀಲದಲ್ಲಿದ್ದ ಹಾಲಿನಂಥ ಬಾಟಲಿಯನ್ನು ನೋಡಿ, "ಇದನ್ನ ಎಷ್ಟು ದಿನದಿಂದ ಹಾಕಾಕತ್ತೀರಿ?" ಎಂದರು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಆ ಹನಿ ಉರಿಯನ್ನು ಇಳಿಸುತ್ತದೆ, ಬಹಳ ದಿನ ಹಾಕಿದರೆ ಕೆಲವರ ಕಣ್ಣೊಳಗೆ ಒತ್ತಡ ಏರಿಸುತ್ತದೆ, ಏರಿದ ಒತ್ತಡ ನೋಟದ ನರವನ್ನು ಸದ್ದಿಲ್ಲದೆ ತಿನ್ನುತ್ತದೆ ಎಂದು ತಿಳಿಸಿ ಹೇಳಿದರು. ಬಣ್ಣದ ಬಳೆ ಕಂಡದ್ದು ಆ ಒತ್ತಡಕ್ಕೆ.

"ಹೋದದ್ದು ತಿರುಗಿ ಬರತೈತೇನ್ರಿ?" ಎಂದು ಕೇಳಿದೆ.

"ಹೋದದ್ದು ಬರಂಗಿಲ್ಲ ಅಕ್ಕಾರ. ಉಳಿದದ್ದನ್ನ ಕಾಯೋಣು. ಎಷ್ಟು ಉಳದೈತಿ ಅಂತ ಮೊದಲು ನೋಡಬೇಕು."

ಅದನ್ನು ನೋಡಲು ಒಂದು ಕತ್ತಲೆ ಕೋಣೆ. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ಒಂದು ಕಣ್ಣಿಗೆ ಬಟ್ಟೆ ಕಟ್ಟಿ, ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕಿನ ಚುಕ್ಕಿ ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಬಲಗಣ್ಣಿನದು ಬೇಗ ಮುಗಿಯಿತು. ಎಡಗಣ್ಣಿನದು ಶುರುವಾದಾಗ ಒಂದು ಸಂಗತಿ ತಿಳಿಯಿತು: ಪ್ರತಿ ಚುಕ್ಕಿಗೂ ಮುಂಚೆ ಯಂತ್ರದೊಳಗಿಂದ ಸಣ್ಣದಾಗಿ ಟಿಕ್ ಎಂಬ ಸದ್ದು ಬರುತ್ತಿತ್ತು. ಟಿಕ್ ಎಂದಿತು, ಚುಕ್ಕಿ ಕಾಣಲಿಲ್ಲ. ಎಲ್ಲೋ ಇರಲೇಬೇಕಲ್ಲ ಎಂದು ಒತ್ತಿದೆ. ಮತ್ತೆ ಟಿಕ್, ಮತ್ತೆ ಒತ್ತಿದೆ. ಒತ್ತಿದಷ್ಟೂ ನನ್ನ ಕಣ್ಣು ನನಗೇ ಉಳಿಯುತ್ತದೆ ಎಂಬಂತೆ ಒತ್ತಿದೆ.

ಯಂತ್ರದ ಬಳಿಯಿದ್ದ ಹುಡುಗಿ ನಿಲ್ಲಿಸಿದಳು. "ಅಮ್ಮಾರ, ಕಾಣಲಾರದ್ದಕ್ಕೂ ಒತ್ತಾಕತ್ತೀರಿ."

"ನಿನಗ ಹೆಂಗ ಗೊತ್ತಾತವಾ?"

"ನಡುನಡುವ ಅದು ಸುಳ್ಳs ಸಪ್ಪಳ ಮಾಡತೈತ್ರಿ. ಚುಕ್ಕಿ ಬಿಡಂಗಿಲ್ಲ. ಅದಕ್ಕೂ ಒತ್ತೀರಿ."

ನಗು ಬರಬೇಕಿತ್ತು, ಬರಲಿಲ್ಲ. ಅವಳು ನೀರು ಕುಡಿಸಿದಳು. ನೀರಿನಂಥ ಹನಿ ಹಾಕಿ, ರೆಪ್ಪೆ ಬಡಿಸಿ, ಗಲ್ಲವನ್ನು ಸರಿಯಾಗಿ ಕೂರಿಸಿದಳು. "ಸುಳ್ಳು ಹೇಳಿದ್ರ ಔಷಧಿ ತಪ್ಪತೈತ್ರಿ, ಕಂಡ್ರ ಅಷ್ಟs ಒತ್ರಿ" ಎಂದಳು. ಗದರಿಸಲಿಲ್ಲ, ಅವಳ ಪುಣ್ಯ. ಬಲಗಣ್ಣು ಪೂರ್ತಿ ಉಳಿದಿದೆ ಎಂದು ನಾನು ಕೇಳುವ ಮೊದಲೇ ಹೇಳಿದಳು, ಅದೂ ಪುಣ್ಯ. ಇನ್ನು ಮುಂದೆ ಹಾಲಿನಂಥ ಹನಿ ಇಲ್ಲ, ಮರಳು ಮತ್ತೆ ಕಣ್ಣಿಗೆ ಬರುತ್ತದೆ, ಒತ್ತಡದ ಹನಿ ಅದನ್ನು ಇನ್ನಷ್ಟು ಒಣಗಿಸುತ್ತದೆ ಎಂದು ಡಾಕ್ಟರಮ್ಮ ಆಗಲೇ ಹೇಳಿದ್ದರು. ಬರಲಿ ಎಂದುಕೊಂಡೆ. ಚುಚ್ಚುವ ಕಣ್ಣು ಇನ್ನೂ ಕಣ್ಣೇ.

ಕೋಣೆ ಮತ್ತೆ ಕತ್ತಲಾಯಿತು. ನಡುವಿನ ದೀಪ ನೋಡುತ್ತ ಕುಳಿತೆ. ಟಿಕ್ ಎಂದಿತು. ಏನೂ ಕಾಣಲಿಲ್ಲ. ಇನ್ನೊಮ್ಮೆ ಟಿಕ್ ಎಂದಿತು. ಬೆರಳನ್ನು ಗುಂಡಿಯಿಂದ ಮೇಲೆತ್ತಿ ಹಿಡಿದುಕೊಂಡೆ.